ಹಾಲು ಬಿಟ್ಟ ಮೇಲೆ

ಅರವತ್ತು ತುಂಬಿದಾಗ ಹಾಲು, ಮೊಸರು, ತುಪ್ಪಗಳನ್ನು ತ್ಯಜಿಸಿದೆನು. ರೊಟ್ಟಿ, ಕಾಳುಪಲ್ಯ, ಶೇಂಗಾಹಿಂಡಿಗಳ ಊಟದಲ್ಲಿ ಕೊರತೆಯೇನೂ ತೋರಲಿಲ್ಲ. ನಾಲ್ಕನೆಯ ವರ್ಷ ಅಂಗಾಲುಗಳು ಜೋಮು ಹಿಡಿಯತೊಡಗಿದವು. ಮಠದಲ್ಲಿ ಬಾಲ್ಯದಿಂದ ಕಂಠಸ್ಥವಾಗಿದ್ದ ವಚನಗಳು ನಡುವೆಯೇ ಮರೆಯತೊಡಗಿದವು. ವಯೋಧರ್ಮವೆಂದು ಸುಮ್ಮನಿದ್ದೆನು. ರಕ್ತಪರೀಕ್ಷೆ ಹೇಳಿದ್ದು ಬೇರೆ: ಬಿ-12 ಜೀವಸತ್ವದ ಅಭಾವ. ಯಕೃತ್ತಿನ ಸಂಗ್ರಹವು ಕೆಲವು ವರ್ಷ ಸಾಗಿಸುವುದರಿಂದ ಈ ಕೊರತೆ ತಡವಾಗಿ ಪ್ರಕಟವಾಗುತ್ತದೆ.

ವೈದ್ಯರು ಗುಳಿಗೆ ಬರೆದುಕೊಟ್ಟರೂ ವ್ರತಭಂಗವಾದೀತೆಂದು ತಿಂಗಳೊಂದನ್ನು ಕಳೆದೆನು, ಪಂಡಿತನ ಹಠ! 1948ರಲ್ಲಿ ಶುದ್ಧರೂಪದಲ್ಲಿ ದೊರೆತ ಈ ಸತ್ವವನ್ನು ಸಸ್ಯವಾಗಲಿ ಪಶುವಾಗಲಿ ನಿರ್ಮಿಸಲಾರದು, ಸೂಕ್ಷ್ಮಾಣುಗಳೇ ನಿರ್ಮಿಸಬೇಕು. ಹಾಲಿನಲ್ಲಿರುವುದು ಹಸುವಿನ ಜಠರದ ಸೂಕ್ಷ್ಮಾಣುಗಳದು. ಗುಳಿಗೆಯಲ್ಲಿರುವುದು ಕಾರ್ಖಾನೆಯಲ್ಲಿ ಬೆಳೆಸಿದವುಗಳದು. (ಜಿಲೆಟಿನ್ ಹೊದಿಕೆ ಮಾತ್ರ ಪ್ರಾಣಿಮೂಲದ್ದು, ಕೇಳಿ ಕೊಳ್ಳಬೇಕು.) ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು 2.4 ಮೈಕ್ರೋಗ್ರಾಂ, ತಡಮಾಡಿದರೆ ನರಗಳ ಹಾನಿ ಸರಿಹೋಗದೆಯೂ ಉಳಿಯಬಹುದು.

ಈಗ ವಚನಗಳು ಮರಳಿವೆ. ಎಡಗಾಲಿನ ಬೆರಳುಗಳಿಗೆ ಸ್ಪರ್ಶ ಇನ್ನೂ ಮರಳಿಲ್ಲ.