ಯಾರೂ ಒತ್ತದ ಲಿಂಕ್

ಗೆಳೆಯನನ್ನ ಬೈದಿದ್ದು ಎಲ್ಲರ ಮುಂದೆ. ಹಾಗಾಗಿ ತಪ್ಪು ನಂದು ಅಂತ ಹೇಳೋದೂ ಎಲ್ಲರ ಮುಂದೇನೇ.

ಫೆಸ್ಟ್‌ಗೆ ಅಂತ ಬಾಡಿಗೆಗೆ ತಗೊಂಡ ಸಣ್ಣ ಸರ್ವರ್ ನಾನು ನೋಡ್ಕೋತಿದ್ದೆ. ಅದರಲ್ಲಿ ಒಂದು ಲಿಂಕ್ ಮಾಡಿಟ್ಟಿದ್ದೆ. ಅದನ್ನ ತೆರೆದರೆ ಸಾಕು, ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿ, ಫೀ ಬಾಕಿ ಇರೋರಿಗೆಲ್ಲ ಮೇಲ್ ಹೋಗುತ್ತೆ. ಲಾಗಿನ್ ಬೇಡ, ಕಮಾಂಡ್ ಟೈಪ್ ಮಾಡೋದು ಬೇಡ. ನನಗಂತೂ ಭಾರಿ ಹೆಮ್ಮೆ!

ಲಿಂಕನ್ನ ಕಮಿಟಿ ಗ್ರೂಪಿಗೆ ಹಾಕಿ, "ಸಂಜೆ ಆರರವರೆಗೆ ಯಾರೂ ಒತ್ತಬೇಡಿ, ಕ್ಯಾಶ್ ಎಂಟ್ರಿ ಇನ್ನೂ ಹಾಕಿಲ್ಲ" ಅಂತ ಬರೆದೆ. ನಿಮಿಷದೊಳಗೆ ಮೇಲ್ ಹೋಗಿಬಿಟ್ಟಿತ್ತು. ಬೆಳಿಗ್ಗೆ ತಾನೇ 150 ರೂಪಾಯಿ ಕೊಟ್ಟಿದ್ದ ಜೂನಿಯರ್ ಓಡಿ ಬಂದು, "ಅಕ್ಕಾ, ನನ್ನ ದುಡ್ಡು ಎಲ್ಲಿ ಹೋಯ್ತು?" ಅಂದಳು.

ಕ್ಯಾಶ್ ತಗೊಂಡಿದ್ದು ನನ್ನ ಗೆಳೆಯ. ಎಲ್ಲರೂ ಅವನ ಮುಖಾನೇ ನೋಡಿದ್ರು. ನಾನು ಬೇರೆ ಗ್ರೂಪಲ್ಲಿ, "ಬೇಡ ಅಂದ್ರೂ ಯಾಕೋ ಒತ್ತಿದೆ?" ಅಂತ ಕೇಳಿದೆ. "ನಾನು ಒತ್ತಿಲ್ಲ ಕಣೇ" ಅಂದ. ನಂಬಲಿಲ್ಲ.

ರಾತ್ರಿ ಸರ್ವರ್ ಲಾಗ್ ತೆಗೆದೆ. ರಿಕ್ವೆಸ್ಟ್ ಬಂದಿದ್ದು ನನ್ನದೇ ಫೋನಿಂದ, ನಾನು ಲಿಂಕ್ ಪೇಸ್ಟ್ ಮಾಡಿದ ಕ್ಷಣದಲ್ಲಿ. ಮೆಸೇಜ್ ಜೊತೆ ಪುಟ್ಟ ಪ್ರಿವ್ಯೂ ಬರುತ್ತಲ್ಲ, ಅದಕ್ಕಾಗಿ ಆ್ಯಪ್ ತಾನೇ ಲಿಂಕ್ ತೆರೆದು ನೋಡಿತ್ತು. ಅದರದ್ದು ತಪ್ಪಲ್ಲ. ಲಿಂಕ್ ತೆರೆದಾಗ ಹೋಗೋದು 'ಗೆಟ್' ರಿಕ್ವೆಸ್ಟ್. ಅದರ ಅರ್ಥ 'ತೋರಿಸು' ಅಂತ ಅಷ್ಟೇ. ಏನಾದ್ರೂ ಮಾಡಿಸೋಕೆ 'ಪೋಸ್ಟ್' ಇದೆ. ನಮ್ಮ ಭಾಷೇಲಿ ಹೇಳೋದಾದ್ರೆ, ಲೆಡ್ಜರ್ ತೆರೆದು ನೋಡೋದು ಬೇರೆ, ಎಂಟ್ರಿ ಹಾಕೋದು ಬೇರೆ. ನಾನು ಎರಡನ್ನೂ ಒಂದೇ ಮಾಡಿದ್ದೆ.

ಈ ತಪ್ಪು ಹಳೇದು. 2005ರಲ್ಲಿ ಗೂಗಲ್ ವೆಬ್ ಆ್ಯಕ್ಸೆಲರೇಟರ್ ಬಂದಾಗ, ಪುಟ ಬೇಗ ತೆರೀಲಿ ಅಂತ ಅದು ಲಿಂಕ್‌ಗಳನ್ನ ಮುಂಚೇನೇ ತೆರೆದಿಡ್ತಿತ್ತು. ಕೆಲವು ಸೈಟ್‌ಗಳಲ್ಲಿ 'ಡಿಲೀಟ್' ಕೂಡ ಬರೀ ಲಿಂಕ್ ಆಗಿತ್ತು. ಜನರ ಡೇಟಾ ಅಳಿಸಿಹೋಯ್ತು.

ಈಗ ನನ್ನ ಸ್ಕ್ರಿಪ್ಟ್ ಪೋಸ್ಟ್‌ಗೆ ಮಾತ್ರ ಓಡುತ್ತೆ. ಜೊತೆಗೆ ಸೀಕ್ರೆಟ್ ಕೀ ಬೇಕು. ಯಾವ ಕಮಾಂಡ್ ಓಡಬೇಕು ಅನ್ನೋದು ಸರ್ವರ್‌ನಲ್ಲೇ ಬರೆದಿದೆ, ಹೊರಗಿಂದ ಬಂದಿದ್ದನ್ನ ಅದು ಓಡಿಸಲ್ಲ.

ಅದೇ ಗ್ರೂಪಲ್ಲಿ ಲಾಗ್ ಸ್ಕ್ರೀನ್‌ಶಾಟ್ ಹಾಕಿ ಕ್ಷಮೆ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಮರುದಿನ ಕ್ಯಾಶ್ ಬುಕ್ಕು, ದುಡ್ಡು ಎರಡನ್ನೂ ನನ್ನ ಮುಂದಿಟ್ಟು, "ಎಣಿಸಿ ಸೈನ್ ಹಾಕು" ಅಂದ.

ಎಣಿಸಿದೆ. ಒಂದು ರೂಪಾಯಿನೂ ಹೆಚ್ಚುಕಮ್ಮಿ ಇರಲಿಲ್ಲ.

ಮುಂದಿನ ಪೋಸ್ಟಲ್ಲಿ: ಸೀಕ್ರೆಟ್ ಕೀ ಎಲ್ಲಿಡಬೇಕು, ಎಲ್ಲಿ ಇಡಲೇಬಾರದು.

#ಬಿಕಾಂಕೋಡ್ #ಕನ್ನಡದಲ್ಲಿಟೆಕ್