ಏರಿನಲ್ಲಿ ಕೇಳಿಸುವ ಸಿಳ್ಳೆ

ಕಳೆದ ಸೋಮವಾರ ಬೆಳಿಗ್ಗೆ, ರಜೆ ಮುಗಿಸಿ ಡೆನ್ವರಿಗೆ ಮರಳುವಾಗ, ಡಿಲನ್ ಊರಿನಿಂದ ಐಸೆನ್‌ಹೋವರ್ ಸುರಂಗಕ್ಕೆ ಹತ್ತುವ ಏರಿನಲ್ಲಿ ಎಕ್ಸಾಸ್ಟಿನ ಬಿಸಿ ಅಳೆಯುವ ನನ್ನ ಪೈರೋಮೀಟರಿನ ಮುಳ್ಳು 1,150ರ ಮೇಲೆ ನಿಂತಿತು. ನಿಂತಿತು ಅಂದರೆ ನಿಂತೇಬಿಟ್ಟಿತು. ಹಿಂದೆ 7,500 ಪೌಂಡ್, ಅಂದರೆ ಸುಮಾರು 3,400 ಕಿಲೊ ತೂಗುವ ಕ್ಯಾಂಪಿಂಗ್ ಟ್ರೇಲರು. ನಾಲ್ಕನೇ ಗೇರು, 1,900 ಆರ್‌ಪಿಎಂ, ಗಂಟೆಗೆ 50 ಮೈಲಿ. ಸುಮಾರು ಎಂಟು ಮೈಲಿಯ ಏರು, ಕೆಲವು ಕಡೆ ಶೇಕಡ 7ರಷ್ಟು ಕಡಿದು. ಕೊನೆಗೆ ಸುರಂಗದ ಬಾಯಿ ಸಿಗುವುದು 11,158 ಅಡಿ ಎತ್ತರದಲ್ಲಿ. "ಏನ್ರೀ, ಮುಖದಲ್ಲಿ ಮದುವೆ ಕಳೆ ಬಂದಿದೆ" ಅಂದಳು ಪಕ್ಕದಲ್ಲಿದ್ದ ಹೆಂಡತಿ. ನಾನು ಮುಳ್ಳು ತೋರಿಸಿದೆ. ಅವಳಿಗೆ ಆ ಮುಳ್ಳಿನ ಕಥೆಯೆಲ್ಲ ಗೊತ್ತು. ಹಿಂದಿನ ಎರಡು ಬೇಸಿಗೆ ಇದೇ ಏರಿನಲ್ಲಿ ಅದು 1,350 ದಾಟುವುದನ್ನು ಕಂಡು, ನಾನು ಕಾಲು ಎತ್ತಿ, ಬಲಗಡೆಯ ಲೇನಿನಲ್ಲಿ ಲಾರಿಗಳ ಬಾಲ ಹಿಡಿದು ತೆವಳುತ್ತಿದ್ದಾಗಲೂ ಅವಳು ಇದೇ ಸೀಟಿನಲ್ಲಿ ಕೂತಿದ್ದಳು.

ಈ ಅಂಕಿಗಳೆಲ್ಲ ಫ್ಯಾರನ್‌ಹೀಟಿನಲ್ಲಿ. 1,150 ಅಂದರೆ ಸುಮಾರು 620 ಸೆಲ್ಸಿಯಸ್, 1,350 ಅಂದರೆ 730. ಅಲ್ಯುಮಿನಿಯಂ ಕರಗುವುದು 660ರಲ್ಲಿ, ಎಂಜಿನ್ನಿನ ಪಿಸ್ಟನ್ನುಗಳು ಅಲ್ಯುಮಿನಿಯಮ್ಮಿನವು. ಒಂದೆರಡು ನಿಮಿಷದ ಬಿಸಿಯನ್ನು ಎಣ್ಣೆಯೂ ನೀರೂ ಸೇರಿ ಹೊತ್ತೊಯ್ಯುತ್ತವೆ. ಎಂಟು ಮೈಲಿಯುದ್ದಕ್ಕೂ ಹೊತ್ತೊಯ್ಯಲಾರವು. ಅದಕ್ಕೇ ಟ್ರೇಲರು ಎಳೆಯುವವರು 1,250 ದಾಟಿಸಬಾರದು ಅಂತ ಗೆರೆ ಎಳೆದುಕೊಂಡಿರುತ್ತಾರೆ.

ಗಾಡಿ 1997ರ ಡಾಡ್ಜ್ ರ‍್ಯಾಮ್ 2500, 12 ವಾಲ್ವಿನ 5.9 ಲೀಟರ್ ಕಮ್ಮಿನ್ಸ್. ಇದನ್ನು ಕೊಳ್ಳುವ ದಿನ ಬಾನೆಟ್ ಎತ್ತಿದಾಗ ನನಗೆ ಕಂಡದ್ದು ನಮ್ಮೂರು ಸಕಲೇಶಪುರ. ಟಾಟಾ 1613 ಲಾರಿಯ ಹೆಸರಿನ ಕೊನೆಗೆ ಟಿಸಿ ಎಂಬ ಎರಡಕ್ಷರ ಸೇರಿದ ಕಾಲ ಕೆಲವರಿಗಾದರೂ ನೆನಪಿರಬಹುದು. ಟಾಟಾ ಕಮ್ಮಿನ್ಸ್ ಅಂತ ಅದರರ್ಥ. ಜಮ್‌ಷೆಡ್‌ಪುರದಲ್ಲಿ ತಯಾರಾಗುತ್ತಿದ್ದ ಆ ಎಂಜಿನ್ನೂ ಇದೇ ಮನೆತನದ್ದು, ಆರು ಸಿಲಿಂಡರಿನ 5.9 ಲೀಟರಿನದ್ದು. ನಮ್ಮ ಬೀದಿಯ ಡ್ರೈವರಣ್ಣ ಅಂಥದೊಂದು ಲಾರಿ ಓಡಿಸುತ್ತಿದ್ದ. ಶಾಲೆಗೆ ರಜೆ ಬಂದರೆ ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿಕೊಳ್ಳುತ್ತಿದ್ದ. ಗುಂಡ್ಯದಿಂದ ಮಾರನಹಳ್ಳಿಗೆ ಶಿರಾಡಿ ಘಾಟಿ ಹತ್ತುವಾಗ ಮಳೆ ಸದ್ದಿನ ಒಳಗಿಂದ ಸಣ್ಣದಾಗಿ ಒಂದು ಸಿಳ್ಳೆ ಏಳುತ್ತಿತ್ತು. "ಕೇಳು ಮಗ, ಸಿಳ್ಳೆ ಇದ್ರೆ ಗಾಡಿ ಉಸಿರಾಡ್ತಾ ಇದೆ ಅಂತ. ಸಿಳ್ಳೆ ನಿಂತು ಬರೀ ಗೊರಗೊರ ಅಂದ್ರೆ ಗೇರ್ ಇಳಿಸ್ಬೇಕು" ಅನ್ನುತ್ತಿದ್ದ. ಎಕ್ಸಾಸ್ಟಿನಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಈವರೆಗೆ ಓದಿದ್ದರಲ್ಲಿ ಅದನ್ನು ಸುಳ್ಳುಮಾಡುವ ಒಂದು ಸಾಲೂ ನನಗೆ ಸಿಕ್ಕಿಲ್ಲ.

ಇನ್ನು ನನ್ನ ಜಗಳದ ವಿಷಯ. ಅಮೆರಿಕದಲ್ಲಿ ಡೀಸೆಲ್ ಪಿಕಪ್ಪಿಗೆ ಬೇರೆ ಟರ್ಬೊ ಹಾಕಿಸುತ್ತೇನೆ ಅಂದರೆ ಎದುರಿನವನು ಕೇಳುವ ಮೊದಲ ಪ್ರಶ್ನೆ, "ಎಷ್ಟು ಮಿಲಿಮೀಟರು?" ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ಬಾಯಿಯ ಅಗಲ ಅದು. ಕಂಪನಿ ಕೊಟ್ಟ ಎಚ್‌ಎಕ್ಸ್35 ಟರ್ಬೊದಲ್ಲಿ 54. ಅದನ್ನು ಬದಲಿಸುವವರು 62 ಅನ್ನುತ್ತಾರೆ, ಅವರ ಗೆಳೆಯರು 64 ಅನ್ನುತ್ತಾರೆ, ಮೂರನೆಯವನೊಬ್ಬ ಬಂದು 66 ಅನ್ನುತ್ತಾನೆ. ಹೆಣ್ಣು ನೋಡಲು ಹೋಗಿ ಮೂಗಿನ ಉದ್ದ ಅಳೆದು ಎದ್ದು ಬಂದ ಹಾಗೆ. ಏನು ಎಳೆಯುತ್ತೀರಿ, ಯಾವ ಏರಿನಲ್ಲಿ, ಸಮುದ್ರದಿಂದ ಎಷ್ಟೆತ್ತರದಲ್ಲಿ, ಎಂಜಿನ್ ಎಷ್ಟು ಸುತ್ತಿನಲ್ಲಿರುವಾಗ ಎಂದು ಕೇಳುವವರೇ ಇಲ್ಲ. ನನಗೂ ಒಬ್ಬ ಅಂಗಡಿಯವನು ಎಲ್ಲರೂ ಇದನ್ನೇ ಹಾಕಿಸುತ್ತಾರೆ ಅಂತ 64 ಮಾರಿದ. ಆ ಎಲ್ಲರೂ ಖಾಲಿ ಗಾಡಿಯಲ್ಲಿ ಕಾಲು ಮೈಲಿ ಓಡಿ ಗೆಲ್ಲುವವರು ಎಂದು ಅವನು ಹೇಳಲಿಲ್ಲ. 1,700 ಆರ್‌ಪಿಎಂನಲ್ಲಿ ಹೇರು ಹೊತ್ತು ಗೊಣಗುತ್ತಿರುವ ಎಂಜಿನ್ನಿಗೆ ಆ ದೊಡ್ಡ ಚಕ್ರವನ್ನು ತಿರುಗಿಸುವಷ್ಟು ಎಕ್ಸಾಸ್ಟೇ ಇರಲಿಲ್ಲ. ಗಾಳಿ ಬರುವ ಮೊದಲೇ ಡೀಸೆಲ್ ಬಂತು, ಹೊಗೆ ಬಂತು, ಬಿಸಿ ಬಂತು. ನನ್ನ ಎರಡು ಬೇಸಿಗೆ ಹಾಗೆ ಹೋದವು.

ಎತ್ತರದ ಲೆಕ್ಕವನ್ನು ಯಾರೂ ಹಾಕುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಕಡಲ ತೀರದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಸುರಂಗದ ಹತ್ತಿರ ಸುಮಾರು 9.7, ಅಂದರೆ ಮೂರನೇ ಎರಡು ಪಾಲು. ಡ್ಯಾಶಿನ ಬೂಸ್ಟ್ ಮೀಟರು ಎರಡೂ ಕಡೆ 26 ತೋರಿಸಿತು ಅಂತಿಟ್ಟುಕೊಳ್ಳಿ. ಮೀಟರು ಹೇಳುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ ಮಾತ್ರ. ಕಡಲ ತೀರದಲ್ಲಿ ಕಂಪ್ರೆಸರು 14.7ನ್ನು 40.7 ಮಾಡಬೇಕು, 2.8 ಪಟ್ಟು. ಸುರಂಗದ ಬಳಿ 9.7ನ್ನು 35.7 ಮಾಡಬೇಕು, 3.7 ಪಟ್ಟು. ಮುಳ್ಳು ಇರುವ ಜಾಗ ಒಂದೇ, ಆದರೆ ಚಕ್ರ ಪಡುವ ಪಾಡು ಬೇರೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಹೊಡೆಯುವ ಚಕ್ರ ಇನ್ನಷ್ಟು ಜೋರಾಗಿ ಸುತ್ತಬೇಕು. ಅಷ್ಟು ಸುತ್ತಿದರೂ ಎಂಜಿನ್ನಿಗೆ ದಕ್ಕುವ ಗಾಳಿ ಕಡಿಮೆಯೇ. ಇದೊಂದೂ ನನ್ನ ಗಾಡಿಯ ಡೀಸೆಲ್ ಪಂಪಿಗೆ ತಿಳಿಯುವುದಿಲ್ಲ. ಬಾಷ್ ಕಂಪನಿಯ ಪಿ7100 ಪೂರ್ತಿ ಯಾಂತ್ರಿಕ ಪಂಪು, ಕಂಪ್ಯೂಟರಿಲ್ಲ, ಎತ್ತರ ಅಳೆಯುವ ಸೆನ್ಸರಿಲ್ಲ. ಬೂಸ್ಟು ಬಂತೋ ಇಲ್ಲವೋ ಅಷ್ಟನ್ನು ನೋಡಿ ಡೀಸೆಲ್ ಸುರಿಯುತ್ತದೆ. ಕಡಲ ತೀರದ ಹ್ಯೂಸ್ಟನ್ನಿನವನಿಗೆ ಚೆನ್ನಾಗಿ ನಡೆದ ಟರ್ಬೊ ಇಲ್ಲಿ ಬೆಂಕಿ ಉಗುಳಿದರೆ ಅದು ಟರ್ಬೊದ ತಪ್ಪಲ್ಲ.

ಹಾಗಾದರೆ ಯಾವ ಅಳತೆ ಮುಖ್ಯ? ನನ್ನ ಉತ್ತರ, ಬಿಸಿ ಕಡೆಯದು. ಎಕ್ಸಾಸ್ಟ್ ಹೊಕ್ಕು ಟರ್ಬೈನಿಗೆ ಬಡಿಯುವ ಬಸವನಹುಳುವಿನಾಕಾರದ ಮನೆಯ ಗಂಟಲು ಎಷ್ಟು ಕಿರಿದು ಎಂಬುದು. ಈ ಟರ್ಬೊ ಮಾಡುವ ಹೋಲ್ಸೆಟ್ ಕಂಪನಿ ಅದನ್ನು ಚದರ ಸೆಂಟಿಮೀಟರಿನಲ್ಲಿ ಹೇಳುತ್ತದೆ; ನನ್ನ ಎಚ್‌ಎಕ್ಸ್35ರದು 12. ಗಂಟಲು ಕಿರಿದಾದರೆ ಟರ್ಬೊ ಬೇಗ ಏಳುತ್ತದೆ, ಆದರೆ ಏರಿನ ಮಧ್ಯೆ ಎಂಜಿನ್ನಿನ ಕುತ್ತಿಗೆ ಹಿಸುಕುತ್ತದೆ. ಅಗಲವಾದರೆ ಮೇಲೆ ಹಾಯಾಗಿರುತ್ತದೆ, ಕೆಳಗೆ ಏಳುವುದೇ ಇಲ್ಲ. ಆ ಮನೆಯನ್ನು ನಡುವೆ ಗೋಡೆ ಇಟ್ಟು ಎರಡು ಪಾಲು ಮಾಡಿದ್ದಾರೆ. ಎಂಜಿನ್ನಿನ ಆರು ಸಿಲಿಂಡರುಗಳು ಉರಿಯುವ ಸರದಿ 1-5-3-6-2-4. ಮುಂದಿನ ಮೂರರಲ್ಲೊಂದು, ಹಿಂದಿನ ಮೂರರಲ್ಲೊಂದು, ಮತ್ತೆ ಮುಂದಿನದು, ಹೀಗೆ. ಆದ್ದರಿಂದ ಮುಂದಿನ ಮೂರಕ್ಕೆ ಒಂದು ಕೋಣೆ, ಹಿಂದಿನ ಮೂರಕ್ಕೆ ಇನ್ನೊಂದು. ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ಬಡಿಯುವುದಿಲ್ಲ, ಪ್ರತಿ ಬಡಿತವೂ ನೇರವಾಗಿ ಚಕ್ರಕ್ಕೆ ತಲಪುತ್ತದೆ. ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದು ಎರಡು ಕಿಂಡಿಗೂ ಬೆರಳು ತೂರಿಸಿ ನೋಡಿದ ದಿನ ನಾನು ಊಟಕ್ಕೆ ಏಳಲಿಲ್ಲ.

ಬಿಸಿ ಕಡೆ ಸರಿಯಿದೆಯೋ ಇಲ್ಲವೋ ಊಹೆಯಿಂದ ತಿಳಿಯುವುದಿಲ್ಲ. ಸಿಲಿಂಡರುಗಳಿಂದ ಟರ್ಬೊಗೆ ಎಕ್ಸಾಸ್ಟ್ ಒಯ್ಯುವ ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆಯಬೇಕು. ನೂರು ಜನ ಬೂಸ್ಟ್ ಮೀಟರು ಹಾಕಿಸುತ್ತಾರೆ, ಇದನ್ನು ಹಾಕಿಸುವವರು ಇಬ್ಬರೋ ಮೂವರೋ. ನಾನು ಮಾಡಿದ್ದು ಹೀಗೆ. ಟರ್ಬೊ ಹೇಗೂ ಕಳಚಿತ್ತು, ಮ್ಯಾನಿಫೋಲ್ಡನ್ನೂ ಬಿಚ್ಚಿ ಬೆಂಚಿನ ಮೇಲಿಟ್ಟೆ. ಎಂಜಿನ್ ಓಡುತ್ತಿರುವಾಗಲೇ ತೂತು ಕೊರೆದರೆ ಕಬ್ಬಿಣದ ಪುಡಿ ಹೊರಗೆ ಹಾರುತ್ತದೆ ಅನ್ನುವವರಿದ್ದಾರೆ, ಅವರ ಮಾತು ಕೇಳಬೇಡಿ. ಹಾರದೆ ಉಳಿದ ಒಂದು ಚೂರು ಟರ್ಬೈನಿನ ರೆಕ್ಕೆ ತಿನ್ನಲು ಸಾಕು. ಕೊರೆದ ತೂತಿಗೆ ಎಂಟನೇ ಒಂದು ಇಂಚಿನ ಥ್ರೆಡ್ ಕೊಯ್ದು, ಅಲ್ಲಿಂದ ಬ್ರೇಕಿನ ಉಕ್ಕಿನ ಪೈಪು ಎಳೆದೆ. ನೇರವಾಗಿ ಮೀಟರಿಗೆ ಕೊಟ್ಟರೆ ಆ ಬಿಸಿಗೆ ಮೀಟರು ಸುಟ್ಟೇ ಹೋಗುತ್ತದೆ, ಅದಕ್ಕೆ ಪೈಪನ್ನು ನಾಲ್ಕು ಸುತ್ತು ಸುತ್ತಬೇಕು. ಸುತ್ತಲು ಸರಿಯಾದ ದಪ್ಪದ ಸಾಮಾನು ಹುಡುಕಿ ಗ್ಯಾರೇಜೆಲ್ಲ ತಡಕಾಡಿದೆ, ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ದೇಶ ಬಿಡುವಾಗ ಅಕ್ಕಿ ಅಳೆಯಲೆಂದು ಅಮ್ಮ ಕೊಟ್ಟ ಹಿತ್ತಾಳೆಯ ಪಾವು. ಬಟ್ಟೆ ಸುತ್ತಿ, ಪೈಪನ್ನು ನಿಧಾನವಾಗಿ ಬಳಸಿದೆ, ಪಾವಿಗೆ ಒಂದು ಗೀರೂ ಬೀಳಲಿಲ್ಲ. ಮೊದಲು ತಾಮ್ರದ ಪೈಪು ಹಾಕಿದ್ದೆ, ಎರಡನೇ ತಿಂಗಳಿಗೆ ನಡುಗಿ ನಡುಗಿ ಸೀಳಿತ್ತು. ಉಕ್ಕಿನದನ್ನೇ ಹಾಕಿ. ಮತ್ತೆ ಸುರುಳಿ ಮ್ಯಾನಿಫೋಲ್ಡಿಗಿಂತ ಮೇಲಿರಲಿ, ಒಳಗೆ ಬೆವರಿದ ನೀರು ಮೀಟರಿನ ಕಡೆ ಹೋಗದೆ ಹಿಂದಕ್ಕೆ ಇಳಿಯುತ್ತದೆ.

ಈಗ ನನ್ನ ಕಣ್ಣೆದುರು ಎರಡು ಮುಳ್ಳುಗಳಿವೆ, ಒಂದು ಒಳಗೆ ಬರುವ ಗಾಳಿಯದು, ಇನ್ನೊಂದು ಹೊರಗೆ ಹೋಗುವುದರದು. ಎರಡೂ ಹೆಚ್ಚುಕಡಿಮೆ ಜೊತೆಯಾಗಿ ಏರಿದರೆ ಟರ್ಬೊ ಎಂಜಿನ್ನಿಗೆ ಹೊಂದಿದೆ ಅಂತ. ಎರಡನೆಯದು ಒಂದೂವರೆ ಪಟ್ಟು ಮೇಲೆ ಹೋದರೆ ಗಂಟಲು ಕಟ್ಟಿದೆ, ಟರ್ಬೊ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ಸೋಮವಾರ ಆ ಏರಿನಲ್ಲಿ ಬೂಸ್ಟ್ 26, ಎಕ್ಸಾಸ್ಟ್ 29.

ಹೊಗೆಯ ಮಾತು ಬಂದಾಗ ನನಗೆ ಸಿಟ್ಟು ಬರುತ್ತದೆ. ಬಾನೆತ್ತರಕ್ಕೆ ಕರಿ ಹೊಗೆ ಬಿಡುವುದೇ ಡೀಸೆಲ್ಲಿನ ಗಂಡಸುತನ ಎಂದು ತಿಳಿದ ಒಂದು ಗುಂಪು ಇಲ್ಲಿದೆ. ಸೈಕಲ್ ತುಳಿಯುತ್ತಿದ್ದ ಒಬ್ಬ ಹೆಂಗಸಿನ ಪಕ್ಕಕ್ಕೆ ಬಂದು ಬೇಕೆಂದೇ ಹೊಗೆ ಕಕ್ಕಿ ಓಡಿದವನನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಕೆ ಕಾಲೂರಿ ನಿಂತು ಕೆಮ್ಮುತ್ತಿದ್ದಳು. ಕೊಲರಾಡೊ ಇಂಥದ್ದನ್ನು 2017ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ, 100 ಡಾಲರು ದಂಡ. ನನ್ನ ಪ್ರಕಾರ ಅದು ಸಾಲದು. ಕರಿ ಹೊಗೆ ಅಂದರೆ ಪೂರ್ತಿ ಉರಿಯದೆ ಹೋದ ಡೀಸೆಲ್. ದುಡ್ಡು ಕೊಟ್ಟು ತುಂಬಿಸಿದ್ದನ್ನು ಕೆಲಸ ಮಾಡಿಸದೆ ಬೀದಿಗೆ ಎಸೆಯುವುದು. ಅದು ಶಕ್ತಿಯಲ್ಲ, ಲೆಕ್ಕ ತಪ್ಪಿದ ಗುರುತು. ಇಂಥವರಿಂದಾಗಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಟ್ರೇಲರು ಎಳೆಯುವ ನಮ್ಮನ್ನೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ. ಏರಿನಲ್ಲಿ ನನ್ನ ಗಾಡಿಯ ಹಿಂದೆ ಬಂದು ನೋಡಿ, ಕೊಳವೆಯ ತುದಿಯಲ್ಲಿ ಬಿಸಿಯ ನಡುಕ ಬಿಟ್ಟರೆ ಬೇರೇನೂ ಕಾಣದು.

ಆ ಕೋಪ ಇಳಿಸಲು ನಾನು ಪೈಕ್ಸ್ ಪೀಕನ್ನು ನೆನೆಯುತ್ತೇನೆ. ಡೆನ್ವರಿನ ದಕ್ಷಿಣಕ್ಕೆ, ಕೊಲರಾಡೊ ಸ್ಪ್ರಿಂಗ್ಸ್ ಊರಿನ ಬೆನ್ನಿಗಿರುವ ಬೆಟ್ಟ, 14,000 ಅಡಿಗೂ ಮೇಲೆ. ಎಕ್ಸಾಸ್ಟಿನಿಂದ ಗಾಳಿ ತುಂಬುವ ಯೋಚನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಷಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಎತ್ತರಕ್ಕೆ ಹೋದ ವಿಮಾನದ ಎಂಜಿನ್ ಉಸಿರು ಕಟ್ಟಿ ಸೊರಗುವುದಕ್ಕೆ ಅದೇ ಮದ್ದು ಎಂದು ಜನರಲ್ ಎಲೆಕ್ಟ್ರಿಕ್ಕಿನ ಸ್ಯಾನ್‌ಫರ್ಡ್ ಮಾಸ್ ನಂಬಿದ. ತೆಳು ಗಾಳಿಯಲ್ಲಿ ನಡೆಯುತ್ತದೋ ಇಲ್ಲವೋ ತಿಳಿಯಬೇಕಾದರೆ ತೆಳು ಗಾಳಿಗೇ ಹೋಗಬೇಕಲ್ಲ. 1918ರಲ್ಲಿ ಅವನು ಲಿಬರ್ಟಿ ಎಂಬ 12 ಸಿಲಿಂಡರಿನ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿಸಿ, ಆ ಬೆಟ್ಟದ ನೆತ್ತಿಗೆ ಹತ್ತಿಸಿದ. ಅಲ್ಲಿ ಟರ್ಬೊ ಇಲ್ಲದೆ ಓಡಿಸಿದಾಗ ಎಂಜಿನ್ ಸೊರಗಿತು, ಟರ್ಬೊ ಹಾಕಿ ಓಡಿಸಿದಾಗ ಕಳೆದುಕೊಂಡ ಶಕ್ತಿಯೆಲ್ಲ ಹಿಂದಕ್ಕೆ ಬಂತು. ಎರಡೇ ವರ್ಷದಲ್ಲಿ, 1920ರ ಫೆಬ್ರವರಿಯಲ್ಲಿ, ಟರ್ಬೊ ಹೊತ್ತ ವಿಮಾನವೊಂದು 33,000 ಅಡಿ ದಾಟಿತು. ನಾನು ಪೈಕ್ಸ್ ಪೀಕಿನ ತುದಿಗೆ ಎರಡು ಸಲ ಹೋಗಿದ್ದೇನೆ. ಎಲ್ಲರೂ ಫೋಟೊ ತೆಗೆಯುತ್ತಿರುತ್ತಾರೆ. ನಾನು ಆ ಎಂಜಿನ್ನನ್ನು ಎಲ್ಲಿ ನಿಲ್ಲಿಸಿದ್ದಿರಬಹುದು ಎಂದು ಹುಡುಕುತ್ತಾ ಓಡಾಡುತ್ತೇನೆ. ನಾಲ್ಕು ಹೆಜ್ಜೆಗೆ ಏದುಸಿರು ಬರುವ ಆ ಜಾಗಕ್ಕೆ ಒಂದು ಎಂಜಿನ್ನನ್ನು ಹೊತ್ತು ತಂದು, ಲೆಕ್ಕ ಇಲ್ಲೇ ಆಗಲಿ ಎಂದು ಹಟ ಹಿಡಿದವನ ಮೇಲೆ ನನಗೆ ಬಹಳ ಗೌರವ.

ನಾನು ಕೊನೆಗೆ ಹಾಕಿದ್ದು ದೊಡ್ಡದೇನಲ್ಲ. ಮುಂದೆ ಎಚ್‌ಎಕ್ಸ್40ರ 60 ಮಿಲಿಮೀಟರಿನ ಕಂಪ್ರೆಸರು, ಹಿಂದೆ ಹಳೆಯ ಎಚ್‌ಎಕ್ಸ್35ರದೇ 12 ಚದರ ಸೆಂಟಿಮೀಟರಿನ ಮನೆ. ಪಂಪಿನಲ್ಲಿ ಡೀಸೆಲ್ ತುಸು ಏರಿಸಿದ್ದೇನೆ, ಅಷ್ಟೆ. ಸೋಮವಾರ ಸುರಂಗ ದಾಟಿ, ಲವ್‌ಲ್ಯಾಂಡ್ ಪಾಸಿನ ತಿರುವಿನಲ್ಲಿ ಬದಿಗೆ ನಿಲ್ಲಿಸಿದೆ. ಎಂಜಿನ್ನನ್ನು ಕೂಡಲೇ ಆರಿಸಲಿಲ್ಲ. ಹಾಗೆ ಆರಿಸಿದರೆ ಕಾದ ಶಾಫ್ಟಿನ ಸುತ್ತ ನಿಂತ ಎಣ್ಣೆ ಸೀದು ಕರಕಲಾಗುತ್ತದೆ. ಮುಳ್ಳು 350ಕ್ಕೆ ಇಳಿಯುವ ತನಕ ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂತೆವು. ಆಮೇಲೆ ಎಂಜಿನ್ ಆರಿಸಿದಾಗ, ಬಾನೆಟ್ಟಿನ ಕೆಳಗೆ ಮ್ಯಾನಿಫೋಲ್ಡು ತಣಿಯುತ್ತಾ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು.

ನಿಮ್ಮಲ್ಲಿ ಯಾರಾದರೂ ಹೇರು ಎಳೆಯುವ ಗಾಡಿಗೆ ಟರ್ಬೊ ಹುಡುಕುತ್ತಿದ್ದರೆ ನನ್ನದೊಂದು ಕೋರಿಕೆ. ಕೊಳ್ಳುವ ಮೊದಲು ಪೈರೋಮೀಟರು, ಬೂಸ್ಟ್ ಮೀಟರು, ಎಕ್ಸಾಸ್ಟಿನ ಒತ್ತಡದ ಮೀಟರು ಮೂರನ್ನೂ ಹಾಕಿಸಿ. ಟ್ರೇಲರಿಗೆ ಪೂರ್ತಿ ಸಾಮಾನು ತುಂಬಿ, ನೀವು ವರ್ಷವೂ ಹತ್ತುವ ಏರನ್ನು ಈಗಿರುವ ಟರ್ಬೊದಲ್ಲೇ ಒಮ್ಮೆ ಹತ್ತಿ. ಮುಳ್ಳು ನೋಡಿ ಅಂಕಿಗಳನ್ನು ಬರೆದುಕೊಳ್ಳಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಚೀಟಿ ನೋಡದೆ ಎಷ್ಟು ಮಿಲಿಮೀಟರು ಎಂದು ಕೇಳುವವನ ಹತ್ತಿರ ಕೊಳ್ಳಬೇಡಿ.