ನಾನು ಕತ್ತರಿಸಿದ ಒಂದು ಗೇಣು ಟೇಪು

ಮೊದಲೇ ಒಪ್ಪಿಕೊಂಡುಬಿಡ್ತೀನಿ ಸ್ವಾಮಿ, ನಾನು ಪಕ್ಕಾ ಸಿನಿಮಾ ಗಿರಾಕಿ. ಪಿ.ಯು.ಸಿ.ಗೆ ಅರ್ಧದಲ್ಲೇ ಕೈ ಮುಗಿದು ಹೊರಗೆ ಬಂದವನು. ಶಾಸ್ತ್ರೀಯ ಸಂಗೀತ ಅಂದ್ರೆ ನನ್ನ ಪಾಲಿಗೆ ರೇಡಿಯೋದಲ್ಲಿ ‘ಆ...’ ಅಂತ ಶುರುವಾದ ಕೂಡಲೇ ತಿರುಪು ತಿರುಗಿಸಬೇಕಾದ ಸಂಗತಿ. ಅಂಥವನು ಈಗ ತೋಡಿ ರಾಗದ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ನಗಬೇಡಿ. ಇದರ ಹಿಂದೆ ನಾನು ಮಾಡಿದ ಒಂದು ಪಾಪ ಇದೆ.

ಕಕ್ಕಬೆ ಗೊತ್ತಲ್ಲ? ಪಾಡಿ ಇಗ್ಗುತ್ತಪ್ಪನ ಊರು. ತಡಿಯಂಡಮೋಳ್ ಹತ್ತೋಕೆ ಬರುವ ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಏರಿಸಿಕೊಂಡು, ನಾಲ್ಕುನಾಡು ಅರಮನೆಯ ಮುಂದೆ ಫೋಟೋ ಹೊಡೆಸಿಕೊಂಡು, ಕಾಲಿಗೆ ಹತ್ತಿದ ಜಿಗಣೆ ಕಿತ್ತುಕೊಂಡು ವಾಪಸ್ಸು ಹೋಗ್ತಾರೆ. ಅದೇ ರಸ್ತೆಯಲ್ಲಿ ಒಂದು ಹೆಂಚಿನ ಮನೆ ಜಗಲಿ. ಅಲ್ಲಿ ಪ್ರತಿ ಭಾನುವಾರ ಇಬ್ಬರು ಮುದುಕರು ಟೇಪ್ ರೆಕಾರ್ಡರ್ ಮುಂದಿಟ್ಟುಕೊಂಡು ಜಗಳ ಆಡೋದನ್ನ ಯಾವ ಟೂರಿಸ್ಟೂ ನೋಡಿಲ್ಲ.

ಒಬ್ಬರು ಧಾರವಾಡದ ಕಡೆಯ ಮೇಷ್ಟ್ರು. ಕೆಲಸದ ಮೇಲೆ ಬಂದವರು ಇಲ್ಲೇ ನಿಂತರು. ಇನ್ನೊಬ್ಬರು ಕಾಫಿ ತೋಟದ ಅಜ್ಜ, ಇದೇ ಊರಿನವರು. ಓದಿದ್ದು ಬೆಂಗಳೂರಿನಲ್ಲಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನ ಚಾಪೆ ಮೇಲೆ ಕೂತು ಕೇಳಿದವರು. ಮೇಷ್ಟ್ರಿಗೆ ಭೀಮಸೇನ ಜೋಶಿ ಅಂದ್ರೆ ಪ್ರಾಣ. ಅಜ್ಜನಿಗೆ ಬಾಲಮುರಳಿ, ಜೊತೆಗೆ ಟಿ.ಎನ್. ರಾಜರತ್ನಂ ಪಿಳ್ಳೆಯವರ ನಾಗಸ್ವರ.

ಜಗಳ ಯಾವುದಕ್ಕೆ ಅಂತೀರಾ? ತೋಡಿಗೆ! ಮೇಷ್ಟ್ರು ಭೀಮಸೇನರ ತೋಡಿ ಹಾಕ್ತಾರೆ. ಅಜ್ಜ ಮುಖ ಸಿಂಡರಿಸಿ, “ಇದು ತೋಡಿಯೇ ಅಲ್ಲ ಮಾರಾಯ್ರೆ” ಅಂತ ರಾಜರತ್ನಂ ಟೇಪ್ ತುರುಕ್ತಾರೆ. “ಹೋಗ್ರಿ ಹೋಗ್ರಿ, ಇದ್ಯಾವ ಸೀಮಿ ತೋಡಿ?” ಅಂತ ಮೇಷ್ಟ್ರು. ನಾನು ಆರು ತಿಂಗಳು ಇವರಿಬ್ಬರಲ್ಲಿ ಒಬ್ಬರು ಖಂಡಿತ ತಪ್ಪು ಅಂದುಕೊಂಡೇ ಕಾಫಿ ಕುಡಿದೆ. ಆಮೇಲೆ ತಿಳೀತು, ಇಬ್ಬರೂ ಸರಿ! ಹೆಸರು ಒಂದೇ, ರಾಗ ಬೇರೆ ಬೇರೆ. ಹಿಂದೂಸ್ತಾನಿಯವರು ತೋಡಿ ಅನ್ನೋದರ ಸ್ವರಗಳು ಕರ್ನಾಟಕ ಸಂಗೀತದಲ್ಲಿ ಶುಭಪಂತುವರಾಳಿಯವು. ಕರ್ನಾಟಕದ ತೋಡಿಯ ಸ್ವರಗಳು ಆ ಕಡೆ ಭೈರವಿಯಾಗಿ ಕೂತಿವೆ. ಎರಡು ತೋಡಿಗೂ ಇರುವ ವ್ಯತ್ಯಾಸ ‘ಮ’ ಮತ್ತು ‘ನಿ’, ಎರಡೇ ಸ್ವರ. ಆದರೆ ಗಮಕ, ನಡೆ ಎಲ್ಲ ಬೇರೆಯಾಗಿ, ಕೇಳೋಕೆ ಎರಡು ಊರಿನ ಮಳೆ ಇದ್ದ ಹಾಗೆ. ಇದು ಇಬ್ಬರಿಗೂ ಮೊದಲ ದಿನದಿಂದಲೇ ಗೊತ್ತಿತ್ತಂತೆ. ಗೊತ್ತಿದ್ದೂ ಇಪ್ಪತ್ತು ವರ್ಷ ಜಗಳ ಆಡಿದ್ದಾರೆ, ಮಳೆಗಾಲ ಕಳೆಯೋಕೆ!

ನನ್ನನ್ನು ಅಲ್ಲಿ ಕೂರಿಸಿಕೊಂಡಿದ್ದೇ ಒಂದು ತಮಾಷೆ. ಪಿ.ಯು.ಸಿ. ಬಿಟ್ಟವನು ಅಂತ ತಿಳಿದಾಗ ಮೇಷ್ಟ್ರು ಬೆನ್ನು ತಟ್ಟಿ, “ಭೀಮಸೇನನೂ ಸಾಲಿ ಬಿಟ್ಟು ಓಡಿಹೋದಾಂವನ ತಮ್ಮಾ” ಅಂದ್ರು. ನಿಜವೇ. ಗದಗದ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡು ಕೇಳಿ ತಲೆಕೆಟ್ಟು, ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ ಹುಡುಗ. ಆ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಾಡು ಇದ್ದದ್ದು ಮೂರು ನಿಮಿಷ ಚಿಲ್ಲರೆ. ಮೂರು ನಿಮಿಷ ಒಬ್ಬನ ಬಾಳನ್ನೇ ತಿರುಗಿಸಿತು ನೋಡಿ. ಅಜ್ಜ ಮಾತ್ರ ಕನ್ನಡಕದ ಮೇಲಿಂದ ನನ್ನ ನೋಡಿ, “ಅವರು ಬಿಟ್ಟು ಹಾಡಿದರು. ನೀನು ಬಿಟ್ಟು ಏನು ಮಾಡಿದೆ?” ಅಂದುಬಿಟ್ಟರು. ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಮರ್ಯಾದೆ ಉಳಿಸಿಕೊಳ್ಳಬೇಕಲ್ಲ? ನಾನೂ ನನ್ನ ಸಿನಿಮಾ ಪೆಟ್ಟಿಗೆ ಬಿಚ್ಚಿದೆ. ತರಾಸು ಅವರ ‘ಹಂಸಗೀತೆ’ ಕಾದಂಬರಿ ಹಿಂದಿಗೆ ಹೋಗಿ 1956ರಲ್ಲಿ ‘ಬಸಂತ್ ಬಹಾರ್’ ಆಯ್ತು. ಅದರ ಹಾಡಿನ ಸ್ಪರ್ಧೆಯಲ್ಲಿ ಭೀಮಸೇನರು ಹಾಡಿ ಸೋಲಬೇಕು, ನಾಯಕನ ದನಿಯಾದ ಮನ್ನಾ ಡೇ ಗೆಲ್ಲಬೇಕು! ಭೀಮಸೇನರನ್ನು ಹಾಡಿನಲ್ಲಿ ಸೋಲಿಸೋದೇ ಅಂತ ಮನ್ನಾ ಡೇ ಹೆದರಿ ಮುಂಬಯಿ ಬಿಟ್ಟು ಓಡೋಕೆ ಹೊರಟಿದ್ದರಂತೆ, ಅವರೇ ಹೇಳಿಕೊಂಡ ಮಾತು. ಅದೇ ಕಾದಂಬರಿಯನ್ನು 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆಗೆದರು. ಅನಂತನಾಗ್ ಭೈರವಿ ವೆಂಕಟಸುಬ್ಬಯ್ಯ, ಹಾಡಿದ್ದು ಬಾಲಮುರಳಿ. ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

“ನೋಡಿದ್ರಾ? ಕನ್ನಡಕ್ಕೆ ಬಂದಾಗ ನಮ್ಮ ಬಾಲಮುರಳಿಯೇ ಬೇಕಾಯ್ತು” ಅಂತ ಅಜ್ಜ ತೊಡೆ ತಟ್ಟಿದರು.

ನಾನು ‘ಸಂಧ್ಯಾರಾಗ’ ಎಸೆದೆ. 1966ರ ಚಿತ್ರ, ಅನಕೃ ಅವರ ಕಾದಂಬರಿ, ನಮ್ಮ ಅಣ್ಣಾವ್ರು. ಅದರಲ್ಲಿ ಭೀಮಸೇನರೂ ಹಾಡಿದ್ದಾರೆ, ಬಾಲಮುರಳಿಯೂ ಹಾಡಿದ್ದಾರೆ! ಇಬ್ಬರೂ ಮುದುಕರು ಒಂದೇ ಸಲ ಸುಮ್ಮನಾದ ಭಾನುವಾರ ಅದೊಂದೇ. ಆ ಸಂತೋಷಕ್ಕೆ ‘ಜೀವನಚೈತ್ರ’ದ ನಾದಮಯ ಹಾಡನ್ನೂ ಮೊಬೈಲಿನಲ್ಲಿ ಹಾಕಿದೆ. 1992ರ ಚಿತ್ರ. ಆ ಹಾಡಿಗೇ ಅಣ್ಣಾವ್ರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂದದ್ದು. ಅದೂ ತೋಡಿಯೇ, ಮೇಷ್ಟ್ರ ಪಕ್ಷದ ತೋಡಿ. ಮೇಷ್ಟ್ರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಪಂಡಿತ ಅಲ್ಲಪಾ. ಆದ್ರ ಖರೇ ಹಾಡ್ಯಾನ” ಅಂದರು. ಥಿಯೇಟರಿನಲ್ಲಿ ಶಿಳ್ಳೆ ಹೊಡೆದು ಬೆಳೆದ ನನಗೆ ಅಷ್ಟು ಸಾಕಾಗಿತ್ತು.

ಈಗ ಪಾಪದ ವಿಷಯಕ್ಕೆ ಬರೋಣ.

ಮೇಷ್ಟ್ರ ಬಳಿ ಐವತ್ತಕ್ಕೂ ಮಿಕ್ಕಿ ಕ್ಯಾಸೆಟ್ಟುಗಳಿದ್ದವು. ಕಂಪೆನಿಯವು ಕೆಲವು, ರೇಡಿಯೋದಿಂದ ಹಿಡಿದವು ಬಹಳ. ಅವರ ಪ್ರಕಾರ ಜಗತ್ತಿನಲ್ಲೇ ಶ್ರೇಷ್ಠವಾದ ರೆಕಾರ್ಡಿಂಗು ಅಂದ್ರೆ, ಒಂದು ಬೆಳಿಗ್ಗೆ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅವರೇ ಹಿಡಿದ ಭೀಮಸೇನರ ತೋಡಿ. ಅಜ್ಜ ಅದನ್ನ ಆಡಿಕೊಳ್ಳದ ವಾರವಿಲ್ಲ. “ಅದರಲ್ಲಿ ತೋಡಿಗಿಂತ ಕುಕ್ಕರ್ ಸೀಟಿಯೇ ಜಾಸ್ತಿ ಮಾರಾಯ್ರೆ!” ಕಂಪೆನಿಯವರು ಸ್ಟುಡಿಯೋದಲ್ಲಿ ನೀಟಾಗಿ ಮಾಡಿದ್ದು ಇರುವಾಗ ಈ ಗೊರಗೊರ ಯಾಕೆ ಅನ್ನೋದು ಅಜ್ಜನ ವಾದ. ನನಗೂ ಹಾಗೇ ಅನ್ನಿಸಿತ್ತು.

2018ರ ಆಗಸ್ಟಿನ ಮಳೆ ನಿಮಗೂ ನೆನಪಿರಬೇಕು. ಗುಡ್ಡ ಜರಿದು, ರಸ್ತೆ ಹೋಗಿ, ಕೊಡಗಿಗೆ ಕೊಡಗೇ ಕತ್ತಲಲ್ಲಿ ಕೂತಿತ್ತು. ಮಳೆ ನಿಂತಾಗ ಮೇಷ್ಟ್ರ ಕ್ಯಾಸೆಟ್ಟುಗಳ ಮೇಲೆ ಬಿಳಿ ಬೂಷ್ಟು. ಎಲ್ಲವನ್ನೂ ಪೆನ್ ಡ್ರೈವಿಗೆ ಏರಿಸಿಕೊಡು, ಕ್ಯಾಸೆಟ್ಟಿಗೆ 40 ರೂಪಾಯಿ ಅಂದರು. ಬೂಷ್ಟು ಹಿಡಿದ ಟೇಪನ್ನು ಒಣಗಿಸಿ, ಒರೆಸಿ, ಪೆನ್ಸಿಲ್ಲಿನಲ್ಲಿ ನಿಧಾನಕ್ಕೆ ಸುತ್ತಿ ಆಮೇಲೆ ಹಾಕಬೇಕು. ಅದು ನನಗೂ ಗೊತ್ತಿತ್ತು. ಆದರೆ 40 ರೂಪಾಯಿಯ ಆತುರ! ಆ ತೋಡಿ ಕ್ಯಾಸೆಟ್ಟನ್ನು ಹಾಗೇ ತುರುಕಿ ಫಾಸ್ಟ್ ಫಾರ್ವರ್ಡ್ ಒತ್ತಿದೆ. ಪಟ್! ಸುಕ್ಕುಗಟ್ಟಿ ಹರಿದೇ ಹೋಯ್ತು. ಕೆಟ್ಟ ಭಾಗ ಕತ್ತರಿಸಿ ಎಸೆದೆ, ಉಳಿದ ಎರಡು ತುದಿಗೆ ಅಂಟುಟೇಪು ಹಚ್ಚಿದೆ. ಹೋದದ್ದು ಒಂದು ಗೇಣು ಅಷ್ಟೆ. ಕ್ಯಾಸೆಟ್ಟು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಸ್ವಲ್ಪ ಕಮ್ಮಿ ಓಡುತ್ತೆ. ಒಂದು ಗೇಣು ಅಂದ್ರೆ ಐದು ಸೆಕೆಂಡು. ಒಂದು ಗಂಟೆಯಲ್ಲಿ ಐದು ಸೆಕೆಂಡು ಯಾರಿಗೆ ಗೊತ್ತಾಗುತ್ತೆ?

ಭಾನುವಾರ ಮೇಷ್ಟ್ರು ಕೇಳಲು ಕೂತರು. ಒಂದು ತಾನು ಇಳಿದು ಬರುತ್ತಿದ್ದ ಹಾಗೆ, ಅವರ ಬಲಗೈ ತಾನಾಗಿ ಮೇಲೆದ್ದಿತು, ಯಾರನ್ನೋ ‘ತಡಿ’ ಅನ್ನುವ ಹಾಗೆ. ಹಾಡು ಅಲ್ಲಿ ಚಕ್ಕನೆ ಹಾರಿ ಮುಂದಕ್ಕೆ ಹೋಯಿತು. ಕೈ ಗಾಳಿಯಲ್ಲೇ ನಿಂತಿತ್ತು.

“ಇಲ್ಲೊಂದು ಮಾತು ಇತ್ತಲ್ಲೋ ತಮ್ಮಾ...”

ಅವರ ಹೆಂಡತಿಯ ಮಾತು. ತೀರಿಹೋಗಿ ಆಗಲೇ ಹನ್ನೊಂದು ವರ್ಷ. ಆ ಬೆಳಿಗ್ಗೆ ರೆಕಾರ್ಡಿಂಗ್ ನಡೀತಿದೆ ಅಂತ ಗೊತ್ತಿಲ್ಲದೆ ಅಡುಗೆಮನೆಯಿಂದ, “ರೀ, ಚಾ ಆರಾಕತ್ತೈತಿ” ಅಂದಿದ್ದರು. ಐದು ಸೆಕೆಂಡು. ಮನೆಯಲ್ಲಿ ಆಕೆಯ ದನಿ ಬೇರೆಲ್ಲೂ ಇರಲಿಲ್ಲ. ಟೇಪು ಅಲ್ಲೇ ಯಾಕೆ ಹರಿಯಿತು ಅಂತ ಆಗ ಹೊಳೆಯಿತು ನನಗೆ. ಹನ್ನೊಂದು ವರ್ಷ ಅದೊಂದೇ ಜಾಗವನ್ನು ಹಿಂದೆ ತಿರುಗಿಸಿ, ತಿರುಗಿಸಿ ಕೇಳಿದ್ದರು. ಸವೆದು ಹೋಗಿತ್ತು.

ಮೂಲೆಗೆ ಎಸೆದ ತುಂಡನ್ನು ಕಸದ ಜೊತೆ ಸುಟ್ಟಾಗಿತ್ತು. ನಾನು ನಡೆದದ್ದೆಲ್ಲ ಹೇಳಿದೆ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋದರು. ಅಜ್ಜ ನನ್ನ ಮುಖವನ್ನೂ ನೋಡದೆ ಕೊಡೆ ಬಿಚ್ಚಿಕೊಂಡು ನಡೆದುಬಿಟ್ಟರು.

ಎರಡು ವಾರ ನಾನು ಆ ದಾರಿಯಲ್ಲೇ ಹೋಗಲಿಲ್ಲ. ಮೂರನೇ ಭಾನುವಾರ ಅಜ್ಜನೇ ಹೇಳಿ ಕಳಿಸಿದರು. ಹೋದರೆ ಅವರ ಕೈಯಲ್ಲಿ ಒಂದು ಕ್ಯಾಸೆಟ್ಟು! ಕುಕ್ಕರ್ ಸೀಟಿ ಅಂತ ಇಪ್ಪತ್ತು ವರ್ಷ ಆಡಿಕೊಂಡ ಮನುಷ್ಯ, ಯಾವ ಕಾಲದಲ್ಲೋ ಆ ತೋಡಿಯನ್ನು ಗುಟ್ಟಾಗಿ ಕಾಪಿ ಮಾಡಿ ಇಟ್ಟುಕೊಂಡಿದ್ದರು. ಯಾಕೆ ಅಂತ ಮೇಷ್ಟ್ರು ಕೇಳಲಿಲ್ಲ. ನಾನು ಯಾಕೆ ಕೇಳಲಿ?

ಈ ಸಲ ಒಣಗಿಸಿದೆ, ಒರೆಸಿದೆ, ಪೆನ್ಸಿಲ್ಲಿನಲ್ಲಿ ಸುತ್ತಿದೆ. ಹಾಕಿದೆವು. ಭೀಮಸೇನರು ಶೀತ ಆದವರ ಹಾಗೆ ದಪ್ಪಗೆ ಹಾಡಿದರು. ಕಾಪಿ ಮಾಡಿದ ದಿನ ಕರೆಂಟಿಲ್ಲದೆ, ಸೋತ ಬ್ಯಾಟರಿಯಲ್ಲಿ ಮೂಲ ಟೇಪು ನಿಧಾನಕ್ಕೆ ಓಡಿತ್ತು. ಹಾಗಾಗಿ ಶ್ರುತಿಯೇ ಕೆಳಗಿಳಿದಿತ್ತು. ಆ ಜಾಗ ಬಂತು. ಚಹದ ಮಾತೂ ಬಂತು, ಗಡಸಾಗಿ.

ಮೇಷ್ಟ್ರು ನಕ್ಕೇಬಿಟ್ಟರು. “ಏ, ನನ್ನ ಹೇಣ್ತಿ ಗಂಗೂಬಾಯಿ ಹಾನಗಲ್ ಆಗ್ಯಾಳಲ್ಲೋ!” ಆಮೇಲೆ ಟವೆಲ್ಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡರು.

ಸರಿ ಮಾಡ್ತೀನಿ ಅಂದೆ. ಮೂಲ ಟೇಪಿನ ಉಳಿದ ಭಾಗದಲ್ಲಿ ಭೀಮಸೇನರ ಷಡ್ಜ ಇತ್ತಲ್ಲ, ಕಂಪ್ಯೂಟರಿನಲ್ಲಿ ಕಾಪಿಯ ವೇಗವನ್ನು ಆ ಷಡ್ಜಕ್ಕೆ ಸರಿಯಾಗಿ ಕೂರುವವರೆಗೆ ಏರಿಸಿದೆ. ಅಜ್ಜ ತಂಬೂರಿ ಕೇಳಿ, “ಈಗ ಸರಿ” ಅಂತ ತೀರ್ಪು ಕೊಟ್ಟರು. ಮೇಷ್ಟ್ರು ತಲೆ ಅಲ್ಲಾಡಿಸಿದರು.

“ಷಡ್ಜ ಸರಿ ಐತಿ. ಅಕಿ ದನಿ ಅಲ್ಲಿದು. ಒಂದೀಟು ಇಳಸು.”

ಇಳಿಸಿದೆ. “ಇನ್ನಾ ಒಂದೀಟು... ಹಾಂ. ನಿಲ್ಲಸು.”

“ಅಷ್ಟು ಮೆತ್ತಗೆ ಯಾವಾಗ ಮಾತಾಡಿದರು ಅವರು? ಆ ಗೇಟಿನವರೆಗೆ ಕೇಳಿಸ್ತಿತ್ತು” ಅಂತ ಅಜ್ಜ.

“ನಿಮಗ ಹಂಗ ಕೇಳಿಸಿರಬೇಕು. ನನಗ ಹಿಂಗ.”

ಪೆನ್ ಡ್ರೈವಿನಲ್ಲಿ ಎರಡನ್ನೂ ಹಾಕಿಕೊಟ್ಟೆ. ಒಂದರಲ್ಲಿ ಭೀಮಸೇನರು ಸರಿ, ಇನ್ನೊಂದರಲ್ಲಿ ಆಕೆ ಸರಿ. ದುಡ್ಡು ತೆಗೆದುಕೊಳ್ಳಲಿಲ್ಲ, ಅವರೂ ಕೊಡೋಕೆ ಬರಲಿಲ್ಲ. ಈಗ ಭಾನುವಾರ ಆ ಜಗಲಿಯಲ್ಲಿ ತೋಡಿ ಹಾಕಿದರೆ ಮೇಷ್ಟ್ರು ಒತ್ತೋದು ಎರಡನೆಯದನ್ನೇ. ಅಜ್ಜ ಕುರ್ಚಿ ಹತ್ತಿರ ಎಳೆದುಕೊಂಡು, “ಶ್ರುತಿ ಇಳಿದಿದೆ ಮೇಷ್ಟ್ರೇ” ಅಂತ ಶುರು ಮಾಡ್ತಾರೆ.